ಕರ್ತೃವಿನ ಅಂಕಿತ, ಒಡೆಯನ ಮುದ್ರೆ: ಟೆಲಿವಿಷನ್ ನಿರ್ಮಾಣ ಸಂಸ್ಥೆಗಳ ಲಾಂಛನಗಳ ಚರಿತ್ರೆ

೧

ಟೆಲಿವಿಷನ್ ಕಾರ್ಯಕ್ರಮವೊಂದು ಮುಗಿದು, ಅದರಲ್ಲಿ ಅಭಿನಯಿಸಿದವರ ಹಾಗೂ ದುಡಿದವರ ಹೆಸರುಗಳು ತೆರೆಯ ಮೇಲೆ ಸರಿದುಹೋದ ತರುವಾಯ, ಮೂರು ನಾಲ್ಕು ಸೆಕೆಂಡುಗಳ ಕಾಲ ಚಿತ್ರವೊಂದು ಮೂಡಿ ಮಾಯವಾಗುತ್ತದೆ. ಬೆಕ್ಕಿನ ಮರಿಯೊಂದು ಬಾಯ್ದೆರೆದು ಕೂಗುತ್ತದೆ. ಸುತ್ತಿಗೆಯೊಂದು ಲೋಹದ ಮೇಲೆ ಬೀಳುತ್ತದೆ. ಬರಹಗಾರನೊಬ್ಬನು ಬೆರಳಚ್ಚು ಯಂತ್ರದಿಂದ ಹಾಳೆಯನ್ನು ಸೆಳೆದು ಗಾಳಿಗೆ ತೂರುತ್ತಾನೆ. ಇವು ಆಯಾ ಕಾರ್ಯಕ್ರಮಗಳನ್ನು ನಿರ್ಮಿಸಿದ ಸಂಸ್ಥೆಗಳ ಲಾಂಛನಗಳು. ಅವು ಕಾಣಿಸಿಕೊಳ್ಳುವ ಹೊತ್ತಿಗೆ ನೋಡುವವರಲ್ಲಿ ಅನೇಕರು ಎದ್ದು ಹೋಗಿರುತ್ತಾರೆ. ಇಷ್ಟು ಅಲ್ಪಕಾಲದ, ಇಷ್ಟು ಸಣ್ಣದಾದ ವಸ್ತುವಿಗೂ ಚರಿತ್ರೆಯೊಂದುಂಟೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಕಾರ್ಯಕ್ರಮವನ್ನು ಯಾರು ಮಾಡಿದರು, ಯಾರು ಅದಕ್ಕೆ ಹಣ ಹಾಕಿದರು, ಅದು ಯಾರ ಕೈಯಿಂದ ಯಾರ ಕೈಗೆ ಸಾಗಿಬಂದಿತು ಎಂಬ ಪ್ರಶ್ನೆಗಳಿಗೆಲ್ಲ ಉತ್ತರವು ಈ ಮೂರು ನಾಲ್ಕು ಸೆಕೆಂಡುಗಳಲ್ಲಿ ಅಡಗಿದೆ.

ಕನ್ನಡದ ಕಾವ್ಯ, ಶಾಸನ, ಶಿಲ್ಪಗಳ ಪರಿಚಯವುಳ್ಳವರಿಗೆ ಈ ಬಗೆಯ ಗುರುತುಗಳು ಹೊಸವಲ್ಲ. ಪಂಪನೇ ಮೊದಲಾದ ಚಂಪೂಕವಿಗಳ ಕಾವ್ಯಗಳಲ್ಲಿ ಆಶ್ವಾಸವೊಂದು ಮುಗಿದಾಗಲೆಲ್ಲ ಗದ್ಯವೊಂದು ಬಂದು ಕವಿಯನ್ನೂ ಕೃತಿಯನ್ನೂ ಹೆಸರಿಸುತ್ತದೆ. ಶರಣರ ವಚನಗಳೂ ಹರಿದಾಸರ ಕೀರ್ತನೆಗಳೂ ಅಂಕಿತದೊಡನೆ ಮುಕ್ತಾಯವಾಗುತ್ತವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಾವು ಕಡೆದ ಶಿಲ್ಪಗಳಲ್ಲಿ ತಮ್ಮ ಹೆಸರುಗಳನ್ನು ಕೆತ್ತಿ ಹೋಗಿದ್ದಾರೆ. ಇವೆಲ್ಲ ಕರ್ತೃವಿನ ಅಂಕಿತಗಳು. ಇವುಗಳಿಗಿಂತ ಭಿನ್ನವಾದುದು ತಾಮ್ರಶಾಸನದ ಹಲಗೆಗಳನ್ನು ಕೂಡಿಸುವ ಬಳೆಯ ಮೇಲಿನ ರಾಜಮುದ್ರೆ. ಚಾಲುಕ್ಯರ ವರಾಹವಾಗಲಿ ಗಂಗರ ಆನೆಯಾಗಲಿ ಶಾಸನವನ್ನು ರಚಿಸಿದ ಕವಿಯನ್ನು ಸೂಚಿಸುವುದಿಲ್ಲ, ದತ್ತಿಯನ್ನು ಕೊಟ್ಟ ಒಡೆಯನನ್ನು ಸೂಚಿಸುತ್ತದೆ. ಟೆಲಿವಿಷನ್ ಲಾಂಛನಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಅದು ಈ ಅಂಕಿತಕ್ಕೂ ಈ ಮುದ್ರೆಗೂ ನಡುವೆ ಎಪ್ಪತ್ತು ವರ್ಷಗಳಿಗೂ ಮೀರಿ ನಡೆದುಬಂದ ಸ್ಪರ್ಧೆಯ ಚರಿತ್ರೆಯೆಂಬುದು ಸ್ಪಷ್ಟವಾಗುತ್ತದೆ.

೨

ಲಾಂಛನವನ್ನು ತೆರೆಯ ಮೇಲೆ ತೋರಿಸುವ ಸಂಪ್ರದಾಯವು ಟೆಲಿವಿಷನ್ನಿಗೆ ಚಲನಚಿತ್ರದಿಂದ ಬಂದದ್ದು. ಮೆಟ್ರೋ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯ ಗರ್ಜಿಸುವ ಸಿಂಹವು ಜಗತ್ಪ್ರಸಿದ್ಧವಾದುದು. ಹೋವರ್ಡ್ ಡೀಟ್ಸ್ ಎಂಬಾತನು ಮೊದಲು ಗೋಲ್ಡ್‌ವಿನ್ ಸಂಸ್ಥೆಗಾಗಿ ಅದನ್ನು ರೂಪಿಸಿದನು. ೧೯೨೪ರಲ್ಲಿ ಮೂರು ಸಂಸ್ಥೆಗಳು ಒಂದುಗೂಡಿದಾಗ ಸಿಂಹವು ಹೊಸ ಸಂಸ್ಥೆಯ ಪಾಲಿಗೆ ಬಂದಿತು. ಭಾರತದಲ್ಲಿ ೧೯೨೯ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ ೧೯೩೩ರಲ್ಲಿ ಪುಣೆಗೆ ಬಂದ ಪ್ರಭಾತ್ ಫಿಲ್ಮ್ ಕಂಪನಿಗೆ ತುತ್ತೂರಿಯನ್ನೂದುವ ಸ್ತ್ರೀಯೂ, ಮದರಾಸಿನ ಜೆಮಿನಿ ಸ್ಟುಡಿಯೋಗೆ ಕಹಳೆಯನ್ನೂದುವ ಅವಳಿ ಶಿಶುಗಳೂ ಲಾಂಛನಗಳಾಗಿದ್ದವು. ಇವೆಲ್ಲ ಚಿತ್ರದ ಆರಂಭದಲ್ಲಿ ಬರತಕ್ಕವು. ಪ್ರೇಕ್ಷಕನು ಹಣ ಕೊಟ್ಟು ಚಿತ್ರಮಂದಿರವನ್ನು ಹೊಕ್ಕಿರುತ್ತಾನೆ. ಲಾಂಛನವು ಮನೆಯ ಹೆಬ್ಬಾಗಿಲಿನಂತೆ ಮೊದಲು ಅವನನ್ನು ಎದುರುಗೊಳ್ಳುತ್ತದೆ.

ಅಮೆರಿಕದ ಟೆಲಿವಿಷನ್ನಿನಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿ ನೋಡುವವನು ಹಣ ಕೊಡುತ್ತಿರಲಿಲ್ಲ, ಜಾಹೀರಾತುದಾರನು ಕೊಡುತ್ತಿದ್ದನು. ಆದುದರಿಂದ ಕಾರ್ಯಕ್ರಮದ ಹೆಬ್ಬಾಗಿಲು ಆತನ ಪಾಲಾಯಿತು. ೧೯೫೧ರ ಅಕ್ಟೋಬರ್ ೧೫ರಂದು ಸಿಬಿಎಸ್ ಪ್ರಸಾರ ಸಂಸ್ಥೆಯಲ್ಲಿ ಮೊದಲುಗೊಂಡ ‘ಐ ಲವ್ ಲೂಸಿ’ ಎಂಬ ಹಾಸ್ಯಮಾಲಿಕೆಯನ್ನು ನಿದರ್ಶನವಾಗಿ ನೋಡಬಹುದು. ಅದರ ಆರಂಭದಲ್ಲಿ ನಾಯಕ ನಾಯಿಕೆಯರ ವ್ಯಂಗ್ಯಚಿತ್ರಗಳು ಪ್ರಾಯೋಜಕನಾದ ಫಿಲಿಪ್ ಮಾರಿಸ್ ಸಿಗರೇಟು ಕಂಪನಿಯ ಸರಕಿನೊಡನೆ ಆಟವಾಡುತ್ತಿದ್ದವು. ಮಾಲಿಕೆಯು ಮರುಪ್ರಸಾರಗೊಳ್ಳುವ ಕಾಲಕ್ಕೆ ಸಿಗರೇಟಿನ ಚಿತ್ರಗಳನ್ನು ತೆಗೆದು, ರೇಷ್ಮೆ ಬಟ್ಟೆಯ ಮೇಲೊಂದು ಹೃದಯಾಕೃತಿಯನ್ನು ಇಡಲಾಯಿತು. ಇಂದು ಜನರ ನೆನಪಿನಲ್ಲಿರುವುದು ಈ ಹೃದಯವೇ. ಅದು ಮೂಲದ್ದಲ್ಲವೆಂಬುದನ್ನು ಬಲ್ಲವರು ಕಡಿಮೆ. ಟೆಲಿವಿಷನ್ನಿನಲ್ಲಿ ಒಂದು ಮುದ್ರೆಯನ್ನಳಿಸಿ ಇನ್ನೊಂದನ್ನು ಒತ್ತುವ ಕಾರ್ಯವು ಹೀಗೆ ಅದರ ಬಾಲ್ಯದಲ್ಲಿಯೇ ಪ್ರಾರಂಭವಾಗಿತ್ತು.

೩

ಆರಂಭವು ಪ್ರಾಯೋಜಕನ ವಶವಾದುದರಿಂದ ನಿರ್ಮಾಪಕನಿಗೆ ಉಳಿದದ್ದು ಮುಕ್ತಾಯ. ‘ಐ ಲವ್ ಲೂಸಿ’ಯ ಪ್ರತಿಯೊಂದು ಕಂತಿನ ಕೊನೆಗೂ ಕೈಬರಹದ ಮಾದರಿಯಲ್ಲಿ ‘ಡೆಸಿಲು’ ಎಂಬ ಹೆಸರು ಕಾಣಿಸುತ್ತಿತ್ತು. ನಟಿ ಲೂಸಿಲ್ ಬಾಲ್ ಹಾಗೂ ಆಕೆಯ ಪತಿ, ಕ್ಯೂಬಾ ದೇಶದಿಂದ ಬಂದ ವಾದ್ಯವೃಂದದ ನಾಯಕ ಡೆಸಿ ಆರ್ನಾಜ್ ಇವರು ೧೯೫೦ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ಹೆಸರು ದಂಪತಿಗಳ ಹೆಸರುಗಳ ಜೋಡಣೆ. ಆ ಕಾಲದಲ್ಲಿ ಬಹುಪಾಲು ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದು, ಪ್ರಸಾರದೊಡನೆಯೇ ಅವುಗಳ ಆಯುಷ್ಯವೂ ಬಹುಮಟ್ಟಿಗೆ ಮುಗಿಯುತ್ತಿತ್ತು. ಡೆಸಿಲು ಸಂಸ್ಥೆಯಾದರೋ ಪ್ರೇಕ್ಷಕರ ಸಮ್ಮುಖದಲ್ಲಿ ಮೂರು ಕ್ಯಾಮೆರಾಗಳಿಂದ ೩೫ ಮಿಲಿಮೀಟರಿನ ಫಿಲ್ಮಿನ ಮೇಲೆ ಪ್ರತಿಯೊಂದು ಕಂತನ್ನೂ ಚಿತ್ರೀಕರಿಸಿತು. ಇದಕ್ಕೆ ತಗಲುವ ಹೆಚ್ಚಿನ ವೆಚ್ಚಕ್ಕಾಗಿ ದಂಪತಿಗಳು ತಮ್ಮ ಸಂಭಾವನೆಯಲ್ಲಿ ಒಂದಂಶವನ್ನು ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಫಿಲ್ಮುಗಳ ಒಡೆತನವನ್ನು ತಮ್ಮಲ್ಲಿ ಉಳಿಸಿಕೊಂಡರು. ಮರುಪ್ರಸಾರದಲ್ಲಿ ಹಣವಿದೆಯೆಂಬುದನ್ನು ಉದ್ಯಮಕ್ಕೆ ಕಲಿಸಿಕೊಟ್ಟವರಲ್ಲಿ ಇವರು ಮೊದಲಿಗರು. ಹೀಗೆ ಕಂತಿನ ಕೊನೆಯ ಆ ಹೆಸರಿನಲ್ಲಿ ಕರ್ತೃವೂ ಒಡೆಯನೂ ಒಂದೇ ಆಗಿದ್ದರು.

ಇದೇ ಕಾಲದ ಇನ್ನೊಂದು ಲಾಂಛನವು ಅಕ್ಷರಶಃ ಮುದ್ರೆಯೊತ್ತುವ ಕ್ರಿಯೆಯನ್ನೇ ಚಿತ್ರಿಸಿತು. ‘ಡ್ರ್ಯಾಗ್ನೆಟ್’ ಎಂಬ ಪೊಲೀಸ್ ಕಥಾಮಾಲಿಕೆಯ ನಟನೂ ನಿರ್ಮಾಪಕನೂ ಆದ ಜ್ಯಾಕ್ ವೆಬ್ ತನ್ನ ಸಂಸ್ಥೆಗೆ ‘ಮಾರ್ಕ್ ಸೆವೆನ್’ ಎಂದು ಹೆಸರಿಟ್ಟಿದ್ದನು. ಕಂತು ಮುಗಿದೊಡನೆ ಎರಡು ಕೈಗಳು ಕಾಣಿಸುತ್ತವೆ. ಒಂದರಲ್ಲಿ ಅಚ್ಚು, ಇನ್ನೊಂದರಲ್ಲಿ ಸುತ್ತಿಗೆ. ಅಚ್ಚಿನ ಮೇಲೆ ಸುತ್ತಿಗೆಯ ಪೆಟ್ಟು ಬೀಳುತ್ತದೆ. ಕೈಗಳು ಸರಿದಾಗ ಏಳೆಂಬ ರೋಮನ್ ಅಂಕಿ ಲೋಹದಲ್ಲಿ ಮೂಡಿರುತ್ತದೆ. ಅಲ್ಲಿ ಮಾತಿಲ್ಲ, ಲೋಹದ ಸದ್ದಿದೆ. ಅಕ್ಕಸಾಲಿಗನೋ ಕಮ್ಮಾರನೋ ತಾನು ಮಾಡಿದ ಒಡವೆಗೆ ತನ್ನ ಗುರುತನ್ನೊತ್ತಿ ಗಿರಾಕಿಯ ಕೈಗೆ ಕೊಡುವ ಭಾವವನ್ನು ಈ ಚಿತ್ರವು ಚೆನ್ನಾಗಿ ವ್ಯಕ್ತಪಡಿಸುತ್ತದೆ.

ಡೆಸಿಲುವಿನ ಅಂಕಿತವು ಬಹುಕಾಲ ಉಳಿಯಲಿಲ್ಲ. ೧೯೫೦ರ ದಶಕ ಮುಗಿಯುವ ಮುನ್ನವೇ ‘ಐ ಲವ್ ಲೂಸಿ’ಯ ಹಕ್ಕುಗಳನ್ನು ಸಿಬಿಎಸ್ ಕೊಂಡುಕೊಂಡಿತು. ೧೯೬೦ರಲ್ಲಿ ದಂಪತಿಗಳ ವಿವಾಹ ವಿಚ್ಛೇದನವಾಯಿತು. ೧೯೬೨ರಲ್ಲಿ ಲೂಸಿಲ್ ಬಾಲ್ ಪತಿಯ ಪಾಲನ್ನು ಖರೀದಿಸಿದಳು. ಆದರೂ ಇಬ್ಬರ ಹೆಸರಿನ ಜೋಡಣೆಯು ಕಂತುಗಳ ಕೊನೆಯಲ್ಲಿ ಮುಂದುವರಿಯಿತು. ೧೯೬೬ರಲ್ಲಿ ಪ್ರಾರಂಭವಾದ ‘ಸ್ಟಾರ್ ಟ್ರೆಕ್’ ಮಾಲಿಕೆಯೂ ಡೆಸಿಲುವಿನದೇ. ೧೯೬೭ರಲ್ಲಿ ಗಲ್ಫ್ ಆ್ಯಂಡ್ ವೆಸ್ಟರ್ನ್ ಎಂಬ ಬೃಹದುದ್ಯಮವು ಡೆಸಿಲುವನ್ನು ಕೊಂಡು ತನ್ನ ಅಧೀನದ ಪ್ಯಾರಾಮೌಂಟ್ ಸಂಸ್ಥೆಯಲ್ಲಿ ಸೇರಿಸಿತು. ತರುವಾಯದ ಕಂತುಗಳ ಕೊನೆಯಲ್ಲಿ ಡೆಸಿಲುವಿನ ಸ್ಥಾನಕ್ಕೆ ಪ್ಯಾರಾಮೌಂಟಿನ ಹೆಸರು ಬಂದಿತು. ಒಂದೇ ಮಾಲಿಕೆಯ ಆದಿಗೂ ಅಂತ್ಯಕ್ಕೂ ಹೀಗೆ ಎರಡು ಮುದ್ರೆಗಳಾದವು. ಕಥೆಯನ್ನು ಮಾತ್ರ ನೋಡಿದವನಿಗೆ ಒಡೆತನ ಬದಲಾದುದರ ಸುಳಿವು ಎಲ್ಲಿಯೂ ಸಿಕ್ಕುವುದಿಲ್ಲ. ಕೊನೆಯ ಮೂರು ಸೆಕೆಂಡುಗಳನ್ನು ನೋಡಿದವನಿಗೆ ಅದು ಸ್ಪಷ್ಟವಾಗಿ ಸಿಕ್ಕುತ್ತದೆ.

೪

೧೯೭೦ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ವಿಧಿಸಿದ ಒಂದು ನಿಯಮವು ಈ ಚರಿತ್ರೆಯಲ್ಲಿ ಅತ್ಯಂತ ಮಹತ್ತ್ವದ ಘಟನೆ. ಆಗ ಎಬಿಸಿ, ಸಿಬಿಎಸ್, ಎನ್‌ಬಿಸಿ ಎಂಬ ಮೂರು ಪ್ರಸಾರ ಸಂಸ್ಥೆಗಳು ದೇಶದ ಟೆಲಿವಿಷನ್ನನ್ನು ಆಳುತ್ತಿದ್ದವು. ಹೊರಗಿನವರು ನಿರ್ಮಿಸಿದ ಕಾರ್ಯಕ್ರಮಗಳಲ್ಲಿ ಈ ಸಂಸ್ಥೆಗಳು ಪಾಲು ಹೊಂದಕೂಡದು, ಮರುಪ್ರಸಾರಕ್ಕಾಗಿ ಅವನ್ನು ದೇಶದೊಳಗಿನ ಸ್ಥಳೀಯ ಕೇಂದ್ರಗಳಿಗೆ ಮಾರಲೂಕೂಡದು ಎಂಬುದು ಆ ನಿಯಮದ ಸಾರಾಂಶ. ಇದರ ಪರಿಣಾಮವು ಎರಡು ಬಗೆಯಾಯಿತು. ಮೊದಲನೆಯದಾಗಿ, ಸಿಬಿಎಸ್ ತನ್ನ ವಿತರಣೆಯ ವಿಭಾಗವನ್ನು ಬೇರ್ಪಡಿಸಬೇಕಾಯಿತು. ೧೯೭೧ರಲ್ಲಿ ಅದು ‘ವಯಾಕಾಂ’ ಎಂಬ ಸ್ವತಂತ್ರ ಸಂಸ್ಥೆಯಾಯಿತು. ಎರಡನೆಯದಾಗಿ, ತಾನು ಮಾಡಿದ ಕೃತಿಯ ಹಕ್ಕನ್ನು ತಾನೇ ಉಳಿಸಿಕೊಳ್ಳಬಹುದೆಂಬ ಧೈರ್ಯವು ಸ್ವತಂತ್ರ ನಿರ್ಮಾಪಕನಿಗೆ ಬಂದಿತು. ಮುಂದಿನ ಎರಡು ದಶಕಗಳಲ್ಲಿ ಲಾಂಛನಗಳು ಸಂಖ್ಯೆಯಲ್ಲಿಯೂ ಸೊಗಸಿನಲ್ಲಿಯೂ ವೃದ್ಧಿಹೊಂದಿದುದಕ್ಕೆ ಈ ನಿಯಮವು ಒಂದು ಮುಖ್ಯ ಕಾರಣವೆನ್ನಬಹುದು.

ಸ್ವತಂತ್ರ ನಿರ್ಮಾಪಕರ ಲಾಂಛನಗಳಲ್ಲಿ ಅಗ್ರಗಣ್ಯವಾದುದು ಎಂಟಿಎಂ ಸಂಸ್ಥೆಯ ಬೆಕ್ಕಿನ ಮರಿ. ನಟಿ ಮೇರಿ ಟೈಲರ್ ಮೂರ್ ಮತ್ತು ಆಕೆಯ ಪತಿ ಗ್ರ್ಯಾಂಟ್ ಟಿಂಕರ್ ೧೯೬೯ರಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಸಂಸ್ಥೆಯ ಹೆಸರಿನ ಆದ್ಯಕ್ಷರಗಳು ಮೆಟ್ರೋ-ಗೋಲ್ಡ್‌ವಿನ್-ಮೇಯರಿನ ಆದ್ಯಕ್ಷರಗಳನ್ನು ಹೋಲುತ್ತಿದ್ದುವಾಗಿ, ಆ ಮಹಾಸಂಸ್ಥೆಯ ಸಿಂಹವು ಗರ್ಜಿಸುವ ವೃತ್ತದಲ್ಲಿ ಇಲ್ಲಿ ‘ಮಿಮ್ಸಿ’ ಎಂಬ ಬೆಕ್ಕಿನ ಮರಿಯು ಸಣ್ಣ ದನಿಯಲ್ಲಿ ಕೂಗಿತು. ಚಲನಚಿತ್ರದ ಮುಂದೆ ಟೆಲಿವಿಷನ್ನು ಚಿಕ್ಕದೆಂಬ ಅಂದಿನ ಅಭಿಪ್ರಾಯವನ್ನು ಒಪ್ಪಿಕೊಳ್ಳುತ್ತಲೇ ಅದನ್ನು ನಗೆಯಲ್ಲಿ ತೇಲಿಸಿಬಿಡುವ ಜಾಣತನವು ಇದರಲ್ಲಿದೆ.

ಈ ಲಾಂಛನವು ಕಾಲಕ್ಕೂ ಕೃತಿಗೂ ತಕ್ಕಂತೆ ವೇಷವನ್ನು ಬದಲಿಸಿತು. ೧೯೮೧ರಲ್ಲಿ ತೊಡಗಿದ ‘ಹಿಲ್ ಸ್ಟ್ರೀಟ್ ಬ್ಲೂಸ್’ ಎಂಬ ಪೊಲೀಸ್ ಮಾಲಿಕೆಯಲ್ಲಿ ಬೆಕ್ಕು ಪೊಲೀಸ್ ಟೊಪ್ಪಿಗೆಯನ್ನು ಧರಿಸಿತು. ಪತ್ತೇದಾರಿ ಮಾಲಿಕೆಯಾದ ‘ರೆಮಿಂಗ್ಟನ್ ಸ್ಟೀಲ್’ನಲ್ಲಿ ಷರ್ಲಾಕ್ ಹೋಮ್ಸನ ಮಾದರಿಯ ಟೊಪ್ಪಿಗೆಯೂ ಕೊಳವೆಯೂ ಅದಕ್ಕೆ ಬಂದವು. ೧೯೮೨ರಿಂದ ೧೯೮೮ರವರೆಗೆ ನಡೆದ ‘ಸೇಂಟ್ ಎಲ್ಸ್‌ವೇರ್’ ಎಂಬ ಆಸ್ಪತ್ರೆಯ ಕಥಾಮಾಲಿಕೆಯಲ್ಲಿ ಅದು ಶಸ್ತ್ರವೈದ್ಯನ ಉಡುಪನ್ನು ತೊಟ್ಟಿತು. ಆ ಮಾಲಿಕೆಯ ಕಡೆಯ ಕಂತಿನಲ್ಲಿ ಹೆಸರುಗಳ ಪಟ್ಟಿಯು ಸಾಗುತ್ತಿರುವಾಗ ಬೆಕ್ಕು ಆಸ್ಪತ್ರೆಯ ಯಂತ್ರಗಳ ನಡುವೆ ಮಲಗಿರುತ್ತದೆ. ಕೊನೆಯಲ್ಲಿ ಹೃದಯದ ಬಡಿತವನ್ನು ತೋರಿಸುವ ಗೆರೆಯು ಸಮವಾಗಿ ನಿಂತುಹೋಗುತ್ತದೆ. ಗುರುತಾಗಿ ಹುಟ್ಟಿದ ಲಾಂಛನವು ಇಲ್ಲಿ ಕಥೆಯ ಪಾತ್ರವೇ ಆಯಿತು. ಅದೇ ೧೯೮೮ರಲ್ಲಿ ಎಂಟಿಎಂ ಸಂಸ್ಥೆಯು ಬ್ರಿಟನ್ನಿನ ಟಿವಿಎಸ್ ಎಂಬ ಸಂಸ್ಥೆಗೆ ಮಾರಾಟವಾಯಿತು. ೧೯೯೩ರಲ್ಲಿ ಇಂಟರ್‌ನ್ಯಾಷನಲ್ ಫ್ಯಾಮಿಲಿ ಎಂಟರ್‌ಟೇನ್‌ಮೆಂಟ್ ಎಂಬ ಅಮೆರಿಕದ ಸಂಸ್ಥೆಗೂ ೧೯೯೭ರಲ್ಲಿ ಫಾಕ್ಸ್ ಸಮೂಹಕ್ಕೂ ೨೦೧೯ರಲ್ಲಿ ಫಾಕ್ಸಿನೊಡನೆ ಡಿಸ್ನಿ ಸಂಸ್ಥೆಗೂ ಅದರ ಕೃತಿಗಳು ಸಂದವು.

ಇನ್ನು ಕೆಲವು ಲಾಂಛನಗಳು ವ್ಯಕ್ತಿಗಳ ಅಂತರಂಗವನ್ನೇ ಹೊರಗೆಡಹುವಂಥವು. ‘ಫ್ಯಾಮಿಲಿ ಟೈಸ್’ ಮಾಲಿಕೆಯ ನಿರ್ಮಾಪಕ ಗ್ಯಾರಿ ಡೇವಿಡ್ ಗೋಲ್ಡ್‌ಬರ್ಗ್ ತನ್ನ ಸಂಸ್ಥೆಗೆ ತಾನು ಸಾಕಿದ ನಾಯಿ ‘ಉಬು’ವಿನ ಹೆಸರನ್ನೇ ಇಟ್ಟನು. ಪ್ಯಾರಿಸಿನ ತೋಟವೊಂದರಲ್ಲಿ ತೆಗೆದ ಆ ನಾಯಿಯ ಛಾಯಾಚಿತ್ರವು ಕಂತಿನ ಕೊನೆಗೆ ಬರುತ್ತಿತ್ತು; ಅದರೊಡನೆ ನಾಯಿಯನ್ನು ಕುಳಿತುಕೊಳ್ಳೆಂದು ಹೇಳುವ ಒಡೆಯನ ದನಿಯೂ ಒಂದು ಬೊಗಳುವಿಕೆಯೂ ಕೇಳಿಸುತ್ತಿದ್ದವು. ೧೯೮೪ರಲ್ಲಿ ಉಬು ತೀರಿಕೊಂಡಿತು. ಲಾಂಛನದಲ್ಲಿ ಮಾತ್ರ ಅದು ವಾರವಾರವೂ ಬಂದು ಕುಳಿತುಕೊಳ್ಳುತ್ತಲೇ ಇತ್ತು. ‘ದಿ ಎ-ಟೀಮ್’ ಮೊದಲಾದ ಮಾಲಿಕೆಗಳ ಕರ್ತೃವಾದ ಸ್ಟೀಫನ್ ಜೆ. ಕ್ಯಾನೆಲ್ ಬೆರಳಚ್ಚು ಯಂತ್ರದ ಮುಂದೆ ಕುಳಿತು ಬರೆಯುವ ತನ್ನ ಚಿತ್ರವನ್ನೇ ಲಾಂಛನವಾಗಿ ಮಾಡಿಕೊಂಡನು. ಬರೆದು ಮುಗಿಸಿ ಸೆಳೆದ ಹಾಳೆಯು ಗಾಳಿಯಲ್ಲಿ ತೇಲಿಹೋಗಿ ಆತನ ಹೆಸರಿನ ಆದ್ಯಕ್ಷರವಾಗಿ ನಿಲ್ಲುತ್ತಿತ್ತು. ವರ್ಷಗಳು ಕಳೆದಂತೆ ಈ ದೃಶ್ಯವನ್ನು ಮತ್ತೆ ಮತ್ತೆ ಹೊಸದಾಗಿ ಚಿತ್ರೀಕರಿಸಲಾಯಿತು. ಆದುದರಿಂದ ಅವನ್ನು ಸಾಲಾಗಿ ನೋಡಿದರೆ ಮನುಷ್ಯನೊಬ್ಬನು ಬರೆಯುತ್ತಲೇ ವಯಸ್ಸಾಗುವುದು ಕಾಣುತ್ತದೆ. ಕ್ಯಾನೆಲ್‌ಗೆ ಬಾಲ್ಯದಿಂದಲೂ ಓದು ಬರಹಗಳಲ್ಲಿ ಅಕ್ಷರಗಳು ತೊಡಕಾಗುವ ಡಿಸ್ಲೆಕ್ಸಿಯಾ ಎಂಬ ತೊಂದರೆಯಿತ್ತು. ಆತನು ಅದನ್ನು ಬಹಿರಂಗವಾಗಿ ಹೇಳಿಕೊಂಡಿದ್ದನು. ಇದನ್ನು ಅರಿತವನಿಗೆ ಹಾಳೆಯನ್ನು ಗಾಳಿಗೆ ತೂರುವ ಆ ಭಂಗಿಯು ಬರಿಯ ಗುರುತಲ್ಲ, ಒಂದು ಗೆಲವಿನ ಪತಾಕೆಯಾಗಿ ತೋರುತ್ತದೆ. ಆತನು ೨೦೧೦ರಲ್ಲಿ ನಿಧನನಾದನು.

೧೯೯೭ರಲ್ಲಿ ‘ಧರ್ಮ ಆ್ಯಂಡ್ ಗ್ರೆಗ್’ ಮಾಲಿಕೆಯೊಡನೆ ಚಕ್ ಲೋರಿ ಎಂಬ ನಿರ್ಮಾಪಕನು ತೊಡಗಿದ ಪದ್ಧತಿಯು ಇನ್ನೂ ವಿಚಿತ್ರವಾದುದು. ಕಂತಿನ ಕೊನೆಗೆ ಆತನು ಚಿತ್ರದ ಬದಲು ಬರವಣಿಗೆಯಿಂದ ತುಂಬಿದ ಒಂದು ಪುಟವನ್ನು ಕ್ಷಣಮಾತ್ರ ತೋರಿಸುತ್ತಾನೆ. ಅಷ್ಟರಲ್ಲಿ ಅದನ್ನು ಓದುವುದು ಅಶಕ್ಯ. ಕಾರ್ಯಕ್ರಮವನ್ನು ಮುದ್ರಿಸಿಕೊಂಡು ಚಿತ್ರವನ್ನು ನಿಲ್ಲಿಸಿದವನು ಮಾತ್ರ ಓದಬಲ್ಲನು. ಸಿಬಿಎಸ್ ಸಂಸ್ಥೆಯು ಇಂಥ ಕೆಲವು ಪುಟಗಳನ್ನು ಪ್ರಸಾರಮಾಡಲು ಒಪ್ಪದಿದ್ದುದೂ ಉಂಟು. ಅಂಕಿತವು ಇಲ್ಲಿ ಕರ್ತೃವು ಪ್ರಸಾರ ಸಂಸ್ಥೆಯೊಡನೆ ನಡೆಸುವ ವಾಗ್ವಾದದ ಅಂಗಳವಾಗಿದೆ.

೫

ಲಾಂಛನದ ಚರಿತ್ರೆಯಲ್ಲಿ ಚಿತ್ರದಷ್ಟೇ ಪ್ರಾಧಾನ್ಯವು ನಾದಕ್ಕೂ ಸಲ್ಲತಕ್ಕದ್ದು. ಎದ್ದು ಹೋಗುತ್ತಿರುವ ಪ್ರೇಕ್ಷಕನ ಕಣ್ಣನ್ನು ಹಿಡಿಯಲಾರದ ಗುರುತು ಕಿವಿಯನ್ನು ಹಿಡಿಯಬಲ್ಲದು. ಕೊಲಂಬಿಯಾ ಚಲನಚಿತ್ರ ಸಂಸ್ಥೆಯ ಟೆಲಿವಿಷನ್ ಶಾಖೆಯಾದ ‘ಸ್ಕ್ರೀನ್ ಜೆಮ್ಸ್’ ೧೯೬೫ರಲ್ಲಿ ಹೊಸ ಲಾಂಛನವನ್ನು ತಂದಿತು. ಎರಡು ಪಟ್ಟಿಗಳು ಬಾಗಿ ಬಂದು ಒಂದು ಬೊಟ್ಟನ್ನು ಸುತ್ತುವರಿದು ಸಂಸ್ಥೆಯ ಆದ್ಯಕ್ಷರದ ಆಕಾರವನ್ನು ತಳೆಯುತ್ತವೆ. ಅದರೊಡನೆ ಎರಿಕ್ ಸಿಡೆ ಎಂಬ ಸಂಗೀತಗಾರನು ಎಲೆಕ್ಟ್ರಾನಿಕ್ ಯಂತ್ರದ ಮೇಲೆ ರಚಿಸಿದ ಕೆಲವೇ ಸ್ವರಗಳು ಕೇಳಿಸುತ್ತವೆ. ಇಂಥ ಧ್ವನಿಗಳು ಮನೆಗಳೊಳಕ್ಕೆ ಆಗತಾನೆ ಕಾಲಿಡುತ್ತಿದ್ದವು. ನಗುನಗುತ್ತ ನೋಡುತ್ತಿದ್ದ ಕಥೆಯು ಮುಗಿದೊಡನೆ, ಮನುಷ್ಯನ ಮುಖವಿಲ್ಲದ ಆಕೃತಿಯೊಂದು ಪರಿಚಯವಿಲ್ಲದ ದನಿಯೊಡನೆ ಎದುರಿಗೆ ನಿಂತಾಗ ಅಂದಿನ ಅನೇಕ ಮಕ್ಕಳು ಹೆದರಿದರು. ದೊಡ್ಡವರಾದ ಮೇಲೂ ಆ ಭಯವನ್ನು ಮರೆಯದ ಅವರು ಆ ಲಾಂಛನಕ್ಕೆ ನರಕದ ಅಕ್ಷರವೆಂಬರ್ಥದ ಅಡ್ಡಹೆಸರನ್ನಿಟ್ಟರು. ೨೦೧೦ರಲ್ಲಿ ರಾಡ್ನಿ ಆ್ಯಷರ್ ಎಂಬ ನಿರ್ದೇಶಕನು ಆ ಹೆಸರಿನಲ್ಲಿಯೇ ಒಂದು ಕಿರುಚಿತ್ರವನ್ನು ಮಾಡಿದನು. ೧೯೭೦ರ ದಶಕದಲ್ಲಿ ಬಂದ ವಯಾಕಾಂ ಲಾಂಛನದ ಅಕ್ಷರವು ನೋಡುವವನ ಮುಖದ ಮೇಲೆಯೇ ನುಗ್ಗಿಬರುವಂತಿದ್ದು, ಅದಕ್ಕೂ ವಿನಾಶದ ಅಕ್ಷರವೆಂಬ ಅಡ್ಡಹೆಸರು ಬಿದ್ದಿತು.

ಈ ಭಯವನ್ನು ಮಕ್ಕಳ ಮರುಳುತನವೆಂದು ತಳ್ಳಿಹಾಕುವುದು ಸರಿಯಲ್ಲ. ಬೆಕ್ಕು, ನಾಯಿ, ಬರೆಯುವ ಮನುಷ್ಯ ಇವುಗಳಿಂದ ಯಾವ ಮಗುವೂ ಹೆದರಿದಂತೆ ಹೇಳಿಕೆಯಿಲ್ಲ. ಹೆದರಿಸಿದವುಗಳಲ್ಲಿ ಹೆಚ್ಚಿನವು ದೊಡ್ಡ ವಿತರಕ ಸಂಸ್ಥೆಗಳ ನಿರ್ಮುಖವಾದ ಅಕ್ಷರಗಳು. ಅಂಕಿತವು ಬೀಳ್ಕೊಡುವ ಮನುಷ್ಯನ ದನಿಯಂತೆಯೂ ಮುದ್ರೆಯು ಒಡೆಯನ ಅಪ್ಪಣೆಯಂತೆಯೂ ಎಳೆಯ ಮನಸ್ಸಿಗೆ ತೋರಿದ್ದರೆ ಅದು ಸಹಜವೇ ಆಗಿದೆ.

೬

ಬ್ರಿಟನ್ನಿನಲ್ಲಿ ಲಾಂಛನವು ಬೇರೊಂದು ಅರ್ಥವನ್ನು ಪಡೆಯಿತು. ಅಲ್ಲಿ ಅದು ಊರಿನ ಗುರುತಾಯಿತು. ೧೯೫೪ರ ಕಾಯಿದೆಯಂತೆ ಸ್ಥಾಪಿತವಾಗಿ ೧೯೫೫ರ ಸೆಪ್ಟೆಂಬರ್ ೨೨ರಂದು ಪ್ರಸಾರವನ್ನು ಆರಂಭಿಸಿದ ಐಟಿವಿ ಒಂದೇ ಸಂಸ್ಥೆಯಾಗಿರಲಿಲ್ಲ. ದೇಶವನ್ನು ಪ್ರಾಂತಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಸಂಸ್ಥೆಗೆ ಪರವಾನಗಿಯನ್ನು ಕೊಡಲಾಗಿತ್ತು. ಒಂದು ಪ್ರಾಂತದ ಸಂಸ್ಥೆಯು ನಿರ್ಮಿಸಿದ ಕಾರ್ಯಕ್ರಮವನ್ನು ಇತರ ಪ್ರಾಂತಗಳೂ ಪ್ರಸಾರಮಾಡುತ್ತಿದ್ದವು. ಆಗ ನಿರ್ಮಿಸಿದವರ ಲಾಂಛನವು ಕಾರ್ಯಕ್ರಮದ ಆದಿಯಲ್ಲಿ ಬರುತ್ತಿತ್ತು. ೧೯೫೯ರಲ್ಲಿ ಪ್ರಸಾರವನ್ನಾರಂಭಿಸಿದ ಪೂರ್ವ ಪ್ರಾಂತದ ಆಂಗ್ಲಿಯಾ ಸಂಸ್ಥೆಯು ಹತ್ತೊಂಬತ್ತನೆಯ ಶತಮಾನದ ಬೆಳ್ಳಿಯ ಅಶ್ವಾರೋಹಿಯ ಪ್ರತಿಮೆಯೊಂದನ್ನು ತಿರುಗುವ ಪೀಠದ ಮೇಲಿಟ್ಟು ಚಿತ್ರೀಕರಿಸಿತು; ೧೯೮೮ರವರೆಗೂ ಆ ಬೆಳ್ಳಿಯ ವೀರನು ಆಂಗ್ಲಿಯಾದ ಕಾರ್ಯಕ್ರಮಗಳಿಗೆ ದ್ವಾರಪಾಲಕನಾಗಿದ್ದನು. ಲಂಡನ್ನಿನಲ್ಲಿ ೧೯೬೮ರಲ್ಲಿ ವಾರದ ದಿನಗಳ ಪ್ರಸಾರವನ್ನು ವಹಿಸಿಕೊಂಡ ಥೇಮ್ಸ್ ಸಂಸ್ಥೆಯು ಮರುವರ್ಷ ಸಂತ ಪಾಲರ ಗುಮ್ಮಟ, ಟವರ್ ಸೇತುವೆ ಮೊದಲಾದ ನಗರದ ಕಟ್ಟಡಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಅವು ನದಿಯಲ್ಲಿ ಪ್ರತಿಬಿಂಬಿಸುವ ಚಿತ್ರವನ್ನು ಲಾಂಛನವಾಗಿ ಸ್ವೀಕರಿಸಿತು.

ಈ ಏರ್ಪಾಡಿನ ಗುಣವೇನೆಂದರೆ, ಯಾವ ಕಾರ್ಯಕ್ರಮವು ಎಲ್ಲಿಂದ ಬಂದಿತೆಂಬುದು ದೇಶಕ್ಕೆಲ್ಲ ತಿಳಿಯುತ್ತಿತ್ತು. ಉತ್ತರ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಗ್ರನಾಡಾ ಸಂಸ್ಥೆಯ ಲಾಂಛನವು ತೆರೆಯ ಮೇಲೆ ಬಂದಾಗ, ರಾಜಧಾನಿಯಲ್ಲಲ್ಲದೆ ಹೊರಗೂ ಕಲಾವಂತಿಕೆಯುಂಟೆಂಬುದು ತಾನಾಗಿಯೇ ಸಾರಲ್ಪಡುತ್ತಿತ್ತು. ಆದರೆ ೧೯೯೦ರ ಪ್ರಸಾರ ಕಾಯಿದೆಯು ಪರವಾನಗಿಗಳನ್ನು ಹರಾಜಿಗಿಟ್ಟಿತು. ಥೇಮ್ಸ್ ತನ್ನ ಪರವಾನಗಿಯನ್ನು ಕಾರ್ಲ್‌ಟನ್ ಎಂಬ ಸಂಸ್ಥೆಗೆ ಸೋತು, ೧೯೯೨ರ ಡಿಸೆಂಬರ್ ೩೧ರ ರಾತ್ರಿ ಪ್ರಸಾರವನ್ನು ನಿಲ್ಲಿಸಿತು. ಸಂಸ್ಥೆಗಳು ಒಂದನ್ನೊಂದು ಕೊಳ್ಳುತ್ತ ಬಂದು, ೨೦೦೨ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಪ್ರಾಂತಗಳ ಲಾಂಛನಗಳಿಗೆ ಬದಲಾಗಿ ಒಂದೇ ಹೆಸರು ರೂಢಿಗೆ ಬಂದಿತು. ೨೦೦೪ರಲ್ಲಿ ಗ್ರನಾಡಾ, ಕಾರ್ಲ್‌ಟನ್‌ಗಳೂ ಒಂದಾದವು. ಕಾರ್ಯಕ್ರಮಗಳು ನಿಲ್ಲಲಿಲ್ಲ, ಅವು ಯಾವ ಊರಿನವೆಂದು ಹೇಳುವ ಗುರುತು ಮಾತ್ರ ನಿಂತಿತು. ತವರನ್ನು ಬಿಟ್ಟು ಬೇರೆ ನಗರದಲ್ಲಿ ನೆಲೆಸಿದವರಿಗೆ ಈ ನಷ್ಟದ ಸ್ವರೂಪವನ್ನು ವಿವರಿಸಬೇಕಾಗಿಲ್ಲ.

ಭಾರತದ ಟೆಲಿವಿಷನ್ನು ಮೂರನೆಯ ಮಾರ್ಗವನ್ನು ಹಿಡಿಯಿತು. ೧೯೫೯ರ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ತೊಡಗಿದ ಪ್ರಸಾರವು ಬಹುಕಾಲ ಆಕಾಶವಾಣಿಯ ಅಂಗವಾಗಿದ್ದು, ೧೯೭೬ರಲ್ಲಿ ‘ದೂರದರ್ಶನ’ವೆಂಬ ಪ್ರತ್ಯೇಕ ಸಂಸ್ಥೆಯಾಯಿತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಯಾಗಿದ್ದ ದೇವಾಶಿಷ್ ಭಟ್ಟಾಚಾರ್ಯರು ರೂಪಿಸಿದ, ಕಣ್ಣನ್ನು ಹೋಲುವ ಆಕೃತಿಯು ಅದರ ಲಾಂಛನವಾಯಿತು. ದೇಶಕ್ಕೆಲ್ಲ ಒಂದೇ ಪ್ರಸಾರ ಸಂಸ್ಥೆಯಿದ್ದ ಆ ದಿನಗಳಲ್ಲಿ ಲಾಂಛನವೂ ಒಂದೇ. ೧೯೮೪ರಲ್ಲಿ ‘ಹಮ್ ಲೋಗ್’ ಧಾರಾವಾಹಿಯೊಡನೆ ಪ್ರಾಯೋಜಿತ ಮಾಲಿಕೆಗಳ ಯುಗವು ತೊಡಗಿದಾಗ, ಹೊರಗಿನ ನಿರ್ಮಾಪಕರಿಗೆ ಅವಕಾಶ ದೊರೆಯಿತಾದರೂ ನೋಡುವವರ ಮನಸ್ಸಿನಲ್ಲಿ ನಿಂತ ಗುರುತುಗಳು ಆ ಕಣ್ಣು ಮತ್ತು ಪ್ರಾಯೋಜಕರ ಸರಕು. ಕನ್ನಡಿಗರಿಗೆ ಅತ್ಯಂತ ಪ್ರಿಯವಾದ ‘ಮಾಲ್ಗುಡಿ ಡೇಸ್’ ಇದಕ್ಕೊಂದು ದೃಷ್ಟಾಂತ. ಮೈಸೂರಿನ ಆರ್. ಕೆ. ನಾರಾಯಣರ ಕಥೆಗಳು, ಅವರ ತಮ್ಮ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ನರ ಸಂಗೀತ, ಆಗುಂಬೆಯ ಬೀದಿಗಳು, ಶಂಕರ್‌ನಾಗ್ ನಿರ್ದೇಶನ ಇವೆಲ್ಲವೂ ಜನಕ್ಕೆ ನೆನಪಿವೆ, ನಿರ್ಮಾಪಕರಾದ ಟಿ. ಎಸ್. ನರಸಿಂಹನ್ನರ ಹೆಸರು ಅಷ್ಟಾಗಿ ಜನರ ಬಾಯಲ್ಲಿಲ್ಲ. ಬೆಕ್ಕಿನ ಮರಿಯಂಥ ಒಂದು ಅಂಕಿತವು ಆ ಮಾಲಿಕೆಯ ಕಂತುಗಳ ಕೊನೆಗೆ ನೆಲೆಯಾಗಿ ನಿಂತಿದ್ದರೆ ಹಾಗಾಗುತ್ತಿರಲಿಲ್ಲ.

೭

ಅಮೆರಿಕದಲ್ಲಿ ನಿರ್ಮಾಪಕರನ್ನು ಕಾಪಾಡಿದ್ದ ೧೯೭೦ರ ನಿಯಮವು ೧೯೯೦ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು ೧೯೯೫ರಲ್ಲಿ ಕೊನೆಗಂಡಿತು. ಪ್ರಸಾರ ಸಂಸ್ಥೆಗಳೂ ನಿರ್ಮಾಣ ಸಂಸ್ಥೆಗಳೂ ಒಂದರೊಳಗೊಂದು ವಿಲೀನವಾದವು. ಸಿಬಿಎಸ್ಸಿನಿಂದ ಬೇರೆಯಾಗಿ ಹುಟ್ಟಿದ ವಯಾಕಾಂ ೧೯೯೪ರಲ್ಲಿ ಪ್ಯಾರಾಮೌಂಟನ್ನು ಕೊಂಡಿತು. ೨೦೦೦ದಲ್ಲಿ ತನ್ನ ತಾಯಿಯಾದ ಸಿಬಿಎಸ್ಸನ್ನೇ ಕೊಂಡಿತು. ಇದರಿಂದ, ಸಿಬಿಎಸ್ಸಿಗೆ ಮಾರಾಟವಾಗಿದ್ದ ‘ಐ ಲವ್ ಲೂಸಿ’ಯೂ ಪ್ಯಾರಾಮೌಂಟಿಗೆ ಮಾರಾಟವಾಗಿದ್ದ ಡೆಸಿಲುವಿನ ಉಳಿದ ಕೃತಿಗಳೂ ನಾಲ್ಕು ದಶಕಗಳ ತರುವಾಯ ಒಂದೇ ಒಡೆತನದಲ್ಲಿ ಕೂಡಿಕೊಂಡವು. ಆದರೆ ಆ ದಂಪತಿಗಳು ಆಗ ಜೀವಿಸಿರಲಿಲ್ಲ. ಅವರ ಹೆಸರಿನ ಸಂಸ್ಥೆಯೂ ಇರಲಿಲ್ಲ.

ಇಷ್ಟರಲ್ಲಿ ಅಂಕಿತಕ್ಕಿದ್ದ ಸ್ಥಳವೂ ಕಿರಿದಾಯಿತು. ೧೯೯೪ರಲ್ಲಿ ಎನ್‌ಬಿಸಿ ಸಂಸ್ಥೆಯು ಹೆಸರುಗಳ ಪಟ್ಟಿಯನ್ನು ತೆರೆಯ ಒಂದು ಪಕ್ಕಕ್ಕೆ ಒತ್ತರಿಸಿ, ಉಳಿದ ಭಾಗದಲ್ಲಿ ಮುಂದಿನ ಕಾರ್ಯಕ್ರಮದ ಪ್ರಚಾರವನ್ನು ತೋರಿಸತೊಡಗಿತು. ಇತರ ಸಂಸ್ಥೆಗಳೂ ಅದನ್ನನುಸರಿಸಿದವು. ಇದಕ್ಕಿಂತ ಹಾನಿಕರವಾದುದು ಹಳೆಯ ಕೃತಿಗಳ ಕೊನೆಯಲ್ಲಿದ್ದ ಲಾಂಛನಗಳನ್ನು ಕತ್ತರಿಸಿ, ಆ ಸ್ಥಳದಲ್ಲಿ ಹೊಸ ಒಡೆಯನ ಲಾಂಛನವನ್ನು ಮೆತ್ತುವ ಪದ್ಧತಿ. ಸಂಸ್ಥೆಯ ಒಡೆತನವು ಎಷ್ಟು ಸಲ ಬದಲಾಯಿತೋ ಅಷ್ಟು ಸಲ ಈ ಕಾರ್ಯವೂ ನಡೆದದ್ದುಂಟು. ಹೀಗಾಗಿ ೧೯೫೦ರ ದಶಕದ ಕಪ್ಪುಬಿಳುಪಿನ ಕಂತೊಂದರ ಕೊನೆಗೆ, ಆಗಿನ್ನೂ ಹುಟ್ಟಿಯೇ ಇರದ ಸಂಸ್ಥೆಯೊಂದರ ಬಣ್ಣದ ಮುದ್ರೆಯು ಬಂದು ಕುಳಿತಿರುವುದು ಕಂಡುಬರುತ್ತದೆ.

ಇಲ್ಲಿ ಸಂಶೋಧಕನು ಗಮನಿಸತಕ್ಕ ಅಂಶವೊಂದುಂಟು. ಕೊನೆಯ ಲಾಂಛನವು ಕೃತಿಯ ಕಾಲವನ್ನು ಹೇಳದು, ಪ್ರತಿಯ ಕಾಲವನ್ನು ಹೇಳುತ್ತದೆ. ಸ್ಕ್ರೀನ್ ಜೆಮ್ಸ್ ಸಂಸ್ಥೆಯ ೧೯೬೫ರ ಲಾಂಛನವು ಕೊನೆಗಿದ್ದರೆ, ಆ ಪ್ರತಿಯ ಮುಕ್ತಾಯವು ೧೯೬೫ಕ್ಕಿಂತ ಹಿಂದಿನದಲ್ಲ. ೧೯೭೪ರಲ್ಲಿ ಸಂಸ್ಥೆಯು ಹೆಸರನ್ನು ಬದಲಿಸಿದುದರಿಂದ ಬಹುಶಃ ಅದಕ್ಕೆ ಮುಂದಿನದೂ ಅಲ್ಲ. ಕಥೆಯು ಮಾತ್ರ ಅದಕ್ಕೂ ಹಿಂದಿನದಾಗಿರಬಹುದು. ಓಲೆಯ ಗರಿಯ ಕೊನೆಯಲ್ಲಿ ಲಿಪಿಕಾರನು ಬರೆದ ಸಾಲಿನಿಂದ ಪ್ರತಿಯ ಕಾಲವನ್ನು ನಿರ್ಣಯಿಸುವ ಗ್ರಂಥಸಂಪಾದಕನ ವಿಧಾನಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಭೇದವಿರುವುದು ನಡತೆಯಲ್ಲಿ. ಪ್ರತಿಮಾಡಿದ ಲಿಪಿಕಾರನು ತನ್ನ ಹೆಸರನ್ನು ಕವಿಯ ಹೆಸರಿನ ಕೆಳಗೆ ಬರೆದುಕೊಂಡನು. ಕವಿಯ ಗದ್ಯವನ್ನು ಒರಸಿ ಆ ಜಾಗದಲ್ಲಿ ಬರೆದುಕೊಳ್ಳಲಿಲ್ಲ.

ಅಳಿದುಹೋದವೆನ್ನಲಾದ ಲಾಂಛನಗಳಲ್ಲಿ ಅನೇಕವು ಉಳಿದುಬಂದದ್ದು ಸಂಸ್ಥೆಗಳ ಭಂಡಾರಗಳಿಂದಲ್ಲ. ಸ್ಥಳೀಯ ಕೇಂದ್ರಗಳಿಗೆ ಕಳುಹಿಸಿದ್ದ ೧೬ ಮಿಲಿಮೀಟರಿನ ಹಳೆಯ ಫಿಲ್ಮು ಪ್ರತಿಗಳಲ್ಲಿಯೂ, ೧೯೭೦ರ ದಶಕದ ಉತ್ತರಾರ್ಧದಿಂದ ಮನೆಮಂದಿ ತಮ್ಮ ಸಂತೋಷಕ್ಕಾಗಿ ಮುದ್ರಿಸಿಟ್ಟುಕೊಂಡ ವಿಡಿಯೋ ಕ್ಯಾಸೆಟ್ಟುಗಳಲ್ಲಿಯೂ ಅವು ದೊರೆತಿವೆ. ಯಂತ್ರವನ್ನು ನಿಲ್ಲಿಸಲು ಎದ್ದು ಬರುವುದು ಒಂದು ನಿಮಿಷ ತಡವಾದ ಕಾರಣದಿಂದಲೇ ಕಂತಿನ ಕೊನೆಯ ಆ ಸೆಕೆಂಡುಗಳು ಎಷ್ಟೋ ಕ್ಯಾಸೆಟ್ಟುಗಳಲ್ಲಿ ಉಳಿದುಕೊಂಡವು. ಅವನ್ನು ಹುಡುಕಿ, ಹೋಲಿಸಿ, ಕಾಲಾನುಕ್ರಮದಲ್ಲಿ ಜೋಡಿಸಿದವರಲ್ಲಿ ಹೆಚ್ಚಿನವರು ವಿದ್ವಾಂಸರಲ್ಲ. ಬಾಲ್ಯದಲ್ಲಿ ಆ ಚಿತ್ರಗಳನ್ನು ನೋಡಿ ನಕ್ಕವರು ಅಥವಾ ಹೆದರಿದವರು.

ಒಡೆಯನಿಗೆ ತನ್ನ ಮುದ್ರೆಯನ್ನೊತ್ತುವ ಹಕ್ಕಿಲ್ಲವೆಂದು ಯಾರೂ ಹೇಳಲಾರರು. ಕೃತಿಯನ್ನು ಕೊಂಡವನು ಅದನ್ನು ಕಾಪಾಡಿ ಪ್ರಸಾರಮಾಡುವ ಭಾರವನ್ನೂ ಹೊರುತ್ತಾನೆ. ಆದರೆ ಮುದ್ರೆಯ ಪಕ್ಕದಲ್ಲಿ ಅಂಕಿತಕ್ಕೂ ಸ್ಥಳವಿರಬೇಕಾದುದು ನ್ಯಾಯ. ಬೇಲೂರಿನ ದೇವಾಲಯವು ವಿಷ್ಣುವರ್ಧನನದೆಂದು ಶಾಸನವು ಹೇಳುತ್ತದೆ. ಅಲ್ಲಿಯ ಶಿಲ್ಪದ ಬುಡದಲ್ಲಿ ದಾಸೋಜನ ಹೆಸರೂ ಇದೆ. ಅರಸನ ಕೀರ್ತಿಗೆ ಅದರಿಂದ ಕುಂದುಬಂದಿಲ್ಲ. ಎಂಟುನೂರಕ್ಕೂ ಮೀರಿದ ವರ್ಷಗಳ ಮೇಲೆಯೂ ಆ ಕಲ್ಲಿನ ಮುಂದೆ ನಿಂತವನು ಇದನ್ನು ಯಾರು ಕಡೆದರೆಂದು ಕೇಳಿದರೆ, ಉತ್ತರವು ಕಲ್ಲಿನಲ್ಲಿಯೇ ದೊರೆಯುತ್ತದೆ. ಟೆಲಿವಿಷನ್ನಿನ ಕೃತಿಗಳಿಗೆ ಇನ್ನೂ ನೂರು ವರ್ಷಗಳೂ ತುಂಬಿಲ್ಲ. ಆ ಪ್ರಶ್ನೆಗೆ ಅವು ಉತ್ತರ ಕೊಡಬಲ್ಲವಾಗಿ ಉಳಿಯುತ್ತವೆಯೋ ಇಲ್ಲವೋ ಎಂಬುದು, ಎದ್ದು ಹೋಗುವ ಮುನ್ನ ನೋಡಬೇಕಾದ ಆ ಮೂರು ನಾಲ್ಕು ಸೆಕೆಂಡುಗಳನ್ನು ಉಳಿಸಿಕೊಳ್ಳುವುದರ ಮೇಲೆ ನಿಂತಿದೆ.